ಬಾಗಿಲ ಕಡೆಯ ಮೂತಿ

ನನ್ನ ಹಳೆಯ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಪೆನ್ಸಿಲ್ಲಿನಿಂದ ಬರೆದ ಒಂದು ಸಾಲಿದೆ: "ನಾಲ್ಕೂ ಮೂತಿಗಳನ್ನು ತಟ್ಟಿ ನೋಡಿದೆ. ನಾಲ್ಕೂ ಸರಿಯಾಗಿವೆ." ಅಕ್ಷರ ನನ್ನದೇ. ಆದರೆ ನನ್ನ ಕಿವಿಯಲ್ಲಿ ಉಳಿದಿರುವುದು ಬೇರೆ. ಮೂರು ಮೂತಿ ಟಣ್ ಎಂದವು. ನಾಲ್ಕನೆಯದು ಒಡಕು ಮಡಕೆಯಂತೆ ಸದ್ದು ಮಾಡಿತು. ಎರಡರಲ್ಲಿ ಯಾವುದೋ ಒಂದು ಸುಳ್ಳು. ಬರೆದದ್ದನ್ನು ನಂಬು, ನೆನಪನ್ನು ನಂಬಬೇಡ ಎಂದು ವಿಶ್ವವಿದ್ಯಾನಿಲಯದಲ್ಲಿ ಕಲಿತು ಬಂದವನು ನಾನು. ಉಳಿದ ಎಲ್ಲ ವಿಷಯಗಳಲ್ಲೂ ಹಾಗೆಯೇ ನಡೆದುಕೊಂಡಿದ್ದೇನೆ. ಇದೊಂದರಲ್ಲಿ ಆಗಿಲ್ಲ.

ಐವತ್ತರ ದಶಕದ ನಡುಭಾಗ. ಕನ್ನಡ ನಾಡು ಒಂದಾಗುವ ಮಾತು ಪೇಪರಿನಲ್ಲಿ ದಿನವೂ ಬರುತ್ತಿದ್ದ ಕಾಲ. ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಹೋಗುವ ರಸ್ತೆಯ ಪಕ್ಕ ಒಂದು ಎರಕದ ಶೆಡ್ಡಿತ್ತು. ಕೆ.ಆರ್. ನಗರದ ನೀರಾವರಿ ಹಳ್ಳಿಗಳಲ್ಲಿ ಕಬ್ಬು ಅರೆಯುವ ಗಾಣಗಳಿಗೆ ಕಬ್ಬಿಣದ ಉರುಳೆ ಎರಕ ಹೊಯ್ದು ಕೊಡುವುದು ಅಲ್ಲಿನ ಕೆಲಸ. ನಾನು ಅಲ್ಲಿಗೆ ಹೋದದ್ದು ಕಬ್ಬಿಣದ ಗುಣ ಪರೀಕ್ಷಿಸುವ ಕೆಲಸಕ್ಕೆ. ಆರು ತಿಂಗಳಿದ್ದು ಬೇರೆ ಕಡೆ ಹೋಗುವ ಯೋಚನೆ ಇತ್ತು. ಯಾವ ಊರಿಗೆ ಹೋದರೂ ನನಗೆ ಆ ಯೋಚನೆ ಮೊದಲ ದಿನವೇ ಬರುತ್ತಿತ್ತು.

ಕುಲುಮೆ ಎರಡಾಳೆತ್ತರದ ಒಂದು ಕೊಳವೆ. ಮೇಲಿನಿಂದ ಕೋಕು ಎಂಬ ಸುಟ್ಟ ಕಲ್ಲಿದ್ದಲು, ಹಳೆ ಕಬ್ಬಿಣ, ಸುಣ್ಣದ ಕಲ್ಲು ಸುರಿಯುತ್ತಿದ್ದರು. ಕೆಳಗೆ ನಾಲ್ಕು ಕಡೆಯಿಂದ ಗಾಳಿ ಊದುತ್ತಿತ್ತು. ಗಾಳಿ ಒಳಹೊಗುವ ತುದಿಯಲ್ಲಿ ತಾಮ್ರದ ಒಂದೊಂದು ಕೊಳವೆ. ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರಿದೆ, ಶೆಡ್ಡಿನಲ್ಲಿ ಎಲ್ಲರೂ ಮೂತಿ ಎನ್ನುತ್ತಿದ್ದರು. ಮೂತಿಗೆ ಎರಡು ಗೋಡೆ, ನಡುವೆ ಸದಾ ತಣ್ಣೀರು ಹರಿಯಬೇಕು. ನೀರು ಹರಿಯುವವರೆಗೆ ತಾಮ್ರ ತಡೆದುಕೊಳ್ಳುತ್ತದೆ. ಆದರೆ ಕರಗಿದ ಕಬ್ಬಿಣದ ಹನಿ ಅದರ ಮೇಲೆ ಬಿದ್ದು ಬಿದ್ದು ಕೊರೆಯುತ್ತದೆ. ಕಡಲೆಕಾಳಿನಷ್ಟು ತೂತಾದರೂ ಸಾಕು, ನೀರು ಬೆಂಕಿಯೊಳಕ್ಕೆ ನುಗ್ಗುತ್ತದೆ, ಅದೇ ಕ್ಷಣದಲ್ಲಿ ಆವಿಯಾಗಿ ದಾರಿ ಸಿಕ್ಕ ಕಡೆ ಸಿಡಿಯುತ್ತದೆ. ಸಿಗುವ ದಾರಿಯೆಂದರೆ ಮೂತಿಯ ಹಿಂದಿನ ಕಿಂಡಿ. ನೀಲಿ ಗಾಜು ಕೂರಿಸಿದ ಆ ಕಿಂಡಿಗೆ ಕಣ್ಣಿಟ್ಟು ಒಳಗಿನ ಬೆಂಕಿ ನೋಡುವುದು ಮೇಸ್ತ್ರಿಗಳ ಕೆಲಸ.

ಮೇಸ್ತ್ರಿಗಳು ಐವತ್ತು ದಾಟಿದ್ದವರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ದಿನವೂ ಕಟ್ಟೆಮಳಲವಾಡಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಮೂತಿ ಹಿಂದೊಮ್ಮೆ ಸೋರಿದಾಗ ಅವರ ಎಡ ಮೊಳಕೈ ಬೆಂದು ಚರ್ಮ ಸುಕ್ಕುಗಟ್ಟಿತ್ತು. ನಾನು ಬಂದ ದಿನ ಅವರು ಕಿಂಡಿಯ ಪಕ್ಕ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸ್ವಾಮಿ, ಪುಸ್ತಕದಲ್ಲಿ ಬೆಂಕಿ ಯಾವ ಬಣ್ಣ ಅಂತ ಬರ್ದದೆ?"

"ಹಳದಿ ಬೆರೆತ ಬಿಳಿ."

"ಬಂದು ನೋಡಿ ಅಂಗಾದ್ರೆ."

ನಾನು ಕಿಂಡಿಗೆ ಕಣ್ಣಿಟ್ಟೆ.

"ಯಾವ ಬಣ್ಣ?"

"ನೀಲಿ," ಎಂದೆ.

"ನೀಲಿ ಗಾಜಲ್ಲಿ ಎಲ್ಲಾ ನೀಲಿನೇ ಕಣ್ರೀ. ಎಷ್ಟು ನೀಲಿ ಅನ್ನೋದ್ರಲ್ಲೇ ಇರೋದು." ಅವರ ನಗುವಿಗೆ ಶೆಡ್ಡಿನವರೆಲ್ಲ ಜೊತೆಯಾದರು. ನನಗೂ ನಗು ಬಂತು.

ಒಂದೊಂದು ಮೂತಿ ಆರೇಳು ಎರಕಕ್ಕೆ ಸವೆಯುತ್ತಿತ್ತು. ಯಾವ ಎರಕದಲ್ಲಿ ತೂತಾಗುತ್ತದೆ ಎಂದು ಹೇಳುವಂತಿರಲಿಲ್ಲ. ಅವರ ಮೊಳಕೈ ನೋಡುತ್ತ ನನಗೆ ಒಂದು ಯೋಚನೆ ಬಂತು. ತಾಮ್ರದ ಮೇಲೆ ಬೆಂಕಿಗೆ ಜಗ್ಗದ ಕಲ್ಲಿನ ಪದರವೊಂದನ್ನು ಹಚ್ಚಲು ಸಾಧ್ಯವಾದರೆ? ವಿದೇಶದ ಪತ್ರಿಕೆಯೊಂದರಲ್ಲಿ ಓದಿದ್ದೆ. ಕಲ್ಲಿನ ನುಣ್ಣನೆಯ ಪುಡಿಯನ್ನು ಅಸಿಟಿಲೀನ್ ಉರಿಯ ಮೂಲಕ ಊದಿದರೆ ಕಣಗಳು ಕರಗಿ, ಎದುರಿಗಿದ್ದ ಲೋಹಕ್ಕೆ ಬಡಿದು, ಚಪ್ಪಟೆಯಾಗಿ ಅಂಟಿಕೊಳ್ಳುತ್ತವೆ. ಯುದ್ಧ ಮುಗಿದ ಮೇಲೆ ಹರಾಜಾದ ಮಿಲಿಟರಿ ಸಾಮಾನಿನಲ್ಲಿ ಶೆಡ್ಡಿನ ಸಾಹುಕಾರರು ಲೋಹ ಸಿಂಪಡಿಸುವ ಗನ್ನೊಂದನ್ನು ಕೊಂಡು ಮೂಲೆಗೆ ಹಾಕಿದ್ದರು. ತಂತಿ ಕರಗಿಸುವ ಗನ್ನು ಅದು. ಅದಕ್ಕೆ ಪುಡಿ ತುಂಬುವ ಬಟ್ಟಲೊಂದನ್ನು ನಾನೇ ಜೋಡಿಸಿದೆ.

ಕಲ್ಲಿಗೆ ದೂರ ಹೋಗಬೇಕಾಗಿರಲಿಲ್ಲ. ಎಚ್.ಡಿ. ಕೋಟೆಯ ಹೊಲಗಳಲ್ಲಿ ನೇಗಿಲಿಗೆ ಸಿಕ್ಕುವ ನೇರಳೆ ಛಾಯೆಯ ಕಂದು ಕಲ್ಲು, ಕುರುಂದ. ರೈತರು ಅದನ್ನು ಬದುವಿಗೆ ಎಸೆಯುತ್ತಿದ್ದರು, ಕುಡುಗೋಲು ಮಸೆಯಲು ಒಂದೆರಡನ್ನು ಮನೆಗೆ ಒಯ್ಯುತ್ತಿದ್ದರು. ವಜ್ರವನ್ನು ಬಿಟ್ಟರೆ ಅಷ್ಟು ಗಟ್ಟಿಯಾದ ಕಲ್ಲು ಅಪರೂಪ. ಎರಡು ಚೀಲ ತುಂಬಿಸಿ ಕೋಟೆಯ ಹತ್ತಿರದ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಲ್ಲಿ ಬಸ್ಸಿಗೆ ಏರಿಸಲು ಹೋದಾಗ ಕಂಡಕ್ಟರು ಚೀಲ ಬಿಚ್ಚಿ ನೋಡಿದ.

"ಹುಣಸೂರಲ್ಲಿ ಕಲ್ಲಿಗೆ ಬರ ಬಂದದಾ ಸ್ವಾಮಿ?" ಎಂದು ಕೇಳಿ, ಚೀಲಗಳನ್ನು ತಾನೇ ಮೇಲಕ್ಕೆ ಹಾಕಿದ.

ಕುಟ್ಟುವ ಕೆಲಸ ಮೇಸ್ತ್ರಿಗಳ ಹೆಂಡತಿಯದಾಯಿತು. ಕಂಪಲಾಪುರದ ಹೆಣ್ಣುಮಗಳು ಆಕೆ, ಮಾತು ಕಡಿಮೆ, ಆಡಿದರೆ ನೇರ. ಶೆಡ್ಡಿನ ಹಿಂದಿನ ಚಪ್ಪರದ ಕೆಳಗೆ ಕೂತು ಕಲ್ಲಿನ ಒರಳಿನಲ್ಲಿ ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿಯುತ್ತಿದ್ದರು. ಮೂರನೆಯ ದಿನ ಪುಡಿಯ ಬಟ್ಟಲನ್ನು ನನ್ನ ಮುಂದಿಟ್ಟರು.

"ಸ್ವಾಮಿ, ನಿಮ್ ಕಲ್ಲು ನಮ್ ಒರಳನ್ನೇ ತಿಂದಾಕ್ತಾ ಅದೆ. ಈ ಪುಡೀಲಿ ನಿಮ್ ಕಲ್ಲೆಷ್ಟು, ನಮ್ ಒರಳೆಷ್ಟು, ನೀವೇ ಏಳ್ಬೇಕು."

ಅದು ನಾನು ಕೇಳಬೇಕಾಗಿದ್ದ ಪ್ರಶ್ನೆ. ಅಲ್ಲಿಂದ ಕಬ್ಬಿಣದ ಒರಳಿನಲ್ಲಿ ಕುಟ್ಟಿಸಿ, ಸೇರಿದ ಕಬ್ಬಿಣದ ಪುಡಿಯನ್ನು ಅಯಸ್ಕಾಂತದಿಂದ ಎತ್ತಿ, ಆಸಿಡ್‌ನಲ್ಲಿ ತೊಳೆದು, ಒಣಗಿಸಿ ಉಪಯೋಗಿಸಿದೆವು.

ಮೊದಲ ಎರಡು ತಿಂಗಳು ಏನೂ ನಿಲ್ಲಲಿಲ್ಲ. ದಪ್ಪಗೆ ಹಚ್ಚಿದೆ, ತಣ್ಣಗಾಗುವಾಗ ಮೊಟ್ಟೆಯ ಸಿಪ್ಪೆಯಂತೆ ಎದ್ದು ಬಂತು. ಕಾದರೆ ತಾಮ್ರ ಹಿಗ್ಗುವುದು ಹೆಚ್ಚು, ಕುರುಂದ ಹಿಗ್ಗುವುದು ಅದರ ಅರ್ಧ, ಆರುವಾಗ ಎರಡೂ ಒಂದನ್ನೊಂದು ಬಿಟ್ಟುಬಿಡುತ್ತವೆ. ತೆಳ್ಳಗೆ ಹಚ್ಚಿದೆ, ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಉದುರಿತು. ತಾಮ್ರದ ಮೈ ನುಣುಪಾಗಿದ್ದರೆ ಕಣಕ್ಕೆ ಹಿಡಿತವಿಲ್ಲ. ಅದಕ್ಕೆ ಅದೇ ಕುರುಂದದ ತರಿಯನ್ನು ಗಾಳಿಯಲ್ಲಿ ರಭಸವಾಗಿ ಊದಿ ಮೈಯನ್ನು ಒರಟು ಮಾಡಿದೆ, ಮೇಲೆ ನಿಕ್ಕಲ್ ಮಿಶ್ರಲೋಹದ ತಂತಿಯಿಂದ ತೆಳುವಾದ ಒಂದು ಪದರ ಕೊಟ್ಟು ಆಮೇಲೆ ಕುರುಂದ ಊದಿದೆ. ಸ್ವಲ್ಪ ಉತ್ತಮವಾಯಿತು. ಆದರೂ ತಣ್ಣನೆಯ ತಾಮ್ರ ಕಣಗಳ ಶಾಖವನ್ನು ಬಡಿದ ಕೂಡಲೇ ಹೀರಿಬಿಡುತ್ತಿತ್ತು. ಉರಿ ಹಿಡಿದು ಕಾಯಿಸೋಣವೆಂದರೆ ತಾಮ್ರ ಕಪ್ಪಾಗುತ್ತಿತ್ತು.

ದಾರಿ ತೋರಿಸಿದ್ದು ಮೇಸ್ತ್ರಿಗಳು. ಒಂದು ಮಧ್ಯಾಹ್ನ ಮುದ್ದೆ ಉಂಡು ಕೈತೊಳೆದು ಬಂದು ನನ್ನ ಸೋತ ಮೂತಿಗಳ ಸಾಲನ್ನು ನೋಡುತ್ತ ನಿಂತರು.

"ಗಾಜಿನ ಲೋಟಕ್ಕೆ ಬಿಸಿ ಕಾಫಿ ಉಯ್ಯೋಕ್ ಮುಂಚೆ ಓಟ್ಲಲ್ಲಿ ಏನ್ ಮಾಡ್ತರೆ?"

"ಬಿಸಿನೀರಲ್ಲಿ ತೊಳೆಯುತ್ತಾರೆ."

"ಇದ್ರ ಒಟ್ಟೇಲಿ ನೀರು ಓಡಾಡಕ್ಕೆ ದಾರಿ ಅದೆ. ತಣ್ಣೀರೇ ಓಡ್ಬೇಕು ಅಂತ ಯಾರ್ ಏಳಿದ್ರು?"

ಹಂಡೆಯಲ್ಲಿ ಕುದಿಯುವ ನೀರು ಕಾಯಿಸಿ, ಅದನ್ನು ಮೂತಿಯ ಗೋಡೆಗಳ ನಡುವೆ ಹರಿಸುತ್ತ ಸಿಂಪಡಿಸಿದೆವು. ತಾಮ್ರ ಬೆಚ್ಚಗಿತ್ತು, ಕಪ್ಪಾಗಲಿಲ್ಲ. ಆರಿದ ಮೇಲೆ ಒಂದಾಣೆಯ ಬಿಲ್ಲೆಯಿಂದ ತಟ್ಟಿದೆ. ಟಣ್ ಎಂದಿತು. ಪದರ ಗಟ್ಟಿಯಾಗಿ ಕೂತಿದ್ದರೆ ಲೋಹವೇ ಮಾತಾಡಿದಂತೆ ಕೇಳುತ್ತದೆ, ಕೆಳಗೆ ಸಡಿಲವಿದ್ದರೆ ಸದ್ದು ಸಾಯುತ್ತದೆ. ಆ ಒಂದು ಮೂತಿಯನ್ನು ಕುಲುಮೆಗೆ ಕೂರಿಸಿದೆವು. ಹದಿನಾಲ್ಕು ಎರಕ ಕಳೆದರೂ ಅದು ಸೋರಲಿಲ್ಲ. ಮೇಸ್ತ್ರಿಗಳು ಅದನ್ನು ಬಿಚ್ಚಿ ತೆಗೆದು, ಸುಟ್ಟ ಮೊಳಕೈ ಮೇಲೆ ಮಗುವಿನಂತೆ ಮಲಗಿಸಿಕೊಂಡು ಹೆಂಡತಿಗೆ ತೋರಿಸಿದರು.

"ನೋಡ್ದಾ, ನೀನು ಕುಟ್ಟಿದ್ದು."

ಆಕೆ ಬೆರಳಿನಿಂದ ಸವರಿ, "ಎಷ್ಟ್ ಒರಟು," ಎಂದರು. ಆದರೆ ಸಂತೋಷವಾಗಿದ್ದು ಕಾಣುತ್ತಿತ್ತು.

ಕಬ್ಬು ಅರೆಯುವ ಕಾಲ ಹತ್ತಿರ ಬಂದಿತ್ತು. ನಾಲ್ಕು ಹೊಸ ಮೂತಿಗಳಿಗೂ ಪದರ ಹಚ್ಚಿ ಒಟ್ಟಿಗೆ ಕೂರಿಸೋಣ ಎಂದು ಸಾಹುಕಾರರು ಹೇಳಿದರು. ದಿನ ನೋಡಿ ಪೂಜೆಯನ್ನೂ ಗೊತ್ತುಮಾಡಿದರು. ಹಿಂದಿನ ದಿನ ಬೆಳಿಗ್ಗೆ ನಾಲ್ಕೂ ಮೂತಿಗಳಿಗೆ ತರಿ ಊದಿ ಒರಟು ಮಾಡಿ, ಬೆಂಚಿನ ಮೇಲಿಟ್ಟು, ಬಟ್ಟೆ ಮುಚ್ಚಿದೆ. ಒರಟು ಮಾಡಿದ ಮೇಲೆ ಯಾರ ಬೆರಳೂ ತಾಗಬಾರದು, ಒಂದು ಗಂಟೆಯೊಳಗೆ ಸಿಂಪಡಿಸಬೇಕು. ಇದನ್ನು ಶೆಡ್ಡಿನ ಗಂಡಸರಿಗೆಲ್ಲ ಹೇಳಿದ್ದೆ. ಹಿಂದೆ ಚಪ್ಪರದಲ್ಲಿ ಕುಟ್ಟುತ್ತಿದ್ದವರಿಗೆ ಹೇಳಬೇಕೆಂದು ಹೊಳೆಯಲಿಲ್ಲ.

ಆ ಹೊತ್ತಿಗೆ ಬರಬೇಕಾಗಿದ್ದ, ಗನ್ನಿನ ಉರಿಗೆ ಬೇಕಾದ ಆಕ್ಸಿಜನ್ ಸಿಲಿಂಡರು ಬರಲಿಲ್ಲ. ಮೈಸೂರಿನಿಂದ ಹೊರಟ ಲಾರಿ ದಾರಿಯಲ್ಲೆಲ್ಲೋ ನಿಂತಿತ್ತು. ಹುಣಸೂರಿಗೆ ಹೋಗಿ ಕಾದು, ಸಿಲಿಂಡರಿನ ಜೊತೆಗೇ ಶೆಡ್ಡಿಗೆ ಮರಳುವಾಗ ಮೂರು ಗಂಟೆ ದಾಟಿತ್ತು. ಬಟ್ಟೆ ತೆಗೆದೆ. ಮೂರು ಮೂತಿಗಳ ಮೈ ಮಂಕಾದ ಕೆಂಪು. ಬೆಂಚಿನ ಕೊನೆಯಲ್ಲಿದ್ದದ್ದು ಹೊಳೆಯುತ್ತಿತ್ತು. ಹೊಳೆಯುತ್ತಿತ್ತೆಂದು ಈಗ ನನ್ನ ನೆನಪು ಹೇಳುತ್ತದೆ. ಆ ಹೊತ್ತಿನಲ್ಲಿ ತಗಡಿನ ತೂತಿನಿಂದ ಬಿಸಿಲಿನ ಕೋಲೊಂದು ಸರಿಯಾಗಿ ಅಲ್ಲಿಗೇ ಬೀಳುತ್ತಿತ್ತು, ಅದೂ ನಿಜ. ಬಿಸಿಲೆಂದುಕೊಂಡೆ. ಹೊತ್ತು ಮೀರಿದ್ದರಿಂದ ಮತ್ತೆ ತರಿ ಊದಬೇಕಾಗಿತ್ತು, ಅದನ್ನೂ ಮಾಡಲಿಲ್ಲ. ಬಿಸಿನೀರು ಹರಿಸಿ, ನಾಲ್ಕಕ್ಕೂ ಸಿಂಪಡಿಸಿದೆ.

ಆರಿದ ಮೇಲೆ ಬಿಲ್ಲೆ ಹಿಡಿದು ತಟ್ಟಿದೆ. ಮೂರು ಟಣ್ ಎಂದವು. ಕೊನೆಯದು ಎನ್ನಲಿಲ್ಲ. ಇನ್ನೊಮ್ಮೆ ತಟ್ಟಿದೆ, ಜಾಗ ಬದಲಿಸಿ ತಟ್ಟಿದೆ. ಒಂದು ಕಡೆ ಸ್ವಲ್ಪ ಟಣ್ ಎಂದಂತಾಯಿತು. ಸಿಲಿಂಡರಿನ ಮುಳ್ಳು ಕೆಳಗಿಳಿದಿತ್ತು. ಪದರವನ್ನು ಕೆತ್ತಿ ತೆಗೆದು ಮತ್ತೆ ಹಚ್ಚಲು ಆಕ್ಸಿಜನ್ ಸಾಲುತ್ತಿರಲಿಲ್ಲ. ಇನ್ನೊಂದು ಸಿಲಿಂಡರಿಗೆ ಒಂದು ವಾರ ಕಾಯಬೇಕು. ಹಳೆಯ ಮೂತಿಗಳಾದರೂ ಬರೀ ತಾಮ್ರವೇ ಅಲ್ಲವೇ, ಆರೇಳು ಎರಕ ತಡೆಯುತ್ತಿರಲಿಲ್ಲವೇ, ಪದರ ಬಿದ್ದುಹೋದರೂ ಇದು ಅಷ್ಟು ತಡೆಯಬೇಕು ಎಂದು ಲೆಕ್ಕ ಹಾಕಿದೆ. ಪದರ ಒಂದೆಡೆ ನಿಂತು ಇನ್ನೊಂದೆಡೆ ಬಿಟ್ಟರೆ, ಬಿಟ್ಟ ಅಂಚಿನಲ್ಲಿ ಕರಗಿದ ಕಬ್ಬಿಣ ಕೂತು ಅಲ್ಲೇ ಕೊರೆಯುತ್ತದೆ, ಅದು ಬರೀ ತಾಮ್ರಕ್ಕಿಂತ ಅಪಾಯ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೇಸ್ತ್ರಿಗಳು ಬಂದು ಕೇಳಿದರು. "ನಾಕೂ ಒಂದೇ ಸಮ ಅವೆಯಾ ಸ್ವಾಮಿ?"

"ಇವೆ."

"ನೀವು ಊಂ ಅಂದ್ರೆ ಆಯ್ತು ಬುಡಿ."

ಕೊನೆಯ ಮೂತಿಯನ್ನು ಅವರು ಮೊದಲೇ ಗೊತ್ತುಮಾಡಿದ್ದಂತೆ, ಪೂಜೆ ನಡೆಯುವ ಬಾಗಿಲ ಕಡೆ ಕೂರಿಸಿದರು. ನಾನು ನೋಟ್‌ಬುಕ್ಕಿನಲ್ಲಿ ಆ ಸಾಲು ಬರೆದೆ. ಬರೆದದ್ದು ಸಂಜೆಯೋ, ಮಾರನೆಯ ದಿನ ಎಲ್ಲ ಮುಗಿದ ಮೇಲೋ, ಆ ವಿಷಯದಲ್ಲೂ ನನಗೆ ಈಗ ಖಾತ್ರಿ ಇಲ್ಲ.

ಮಾರನೆಯ ದಿನ ಪೂಜೆಯಾಗಿ, ಕುಲುಮೆ ಹಚ್ಚಿ, ಹನ್ನೊಂದು ಗಂಟೆಗೆ ಕಬ್ಬಿಣ ಇಳಿಯತೊಡಗಿತು. ಮೊದಲ ಎರಡು ಹೊಯ್ತ ಚೆನ್ನಾಗಿಯೇ ಬಂದವು. ಮೇಸ್ತ್ರಿಗಳು ಒಂದೊಂದು ಮೂತಿಯಿಂದ ಹೊರಬರುವ ನೀರಿಗೆ ಕೈಯೊಡ್ಡುತ್ತ ಸುತ್ತು ಬರುತ್ತಿದ್ದರು. ಬಾಗಿಲ ಬಳಿ ನಿಂತರು.

"ಇದ್ರಲ್ಲಿ ನೀರು ಒಸಿ ಬಿಸಿ ಬತ್ತಾ ಅದೆ ಸ್ವಾಮಿ."

ನಾನು ಆಚೆ ಬದಿಯಲ್ಲಿ ಸೌಟು ಹಿಡಿದು ಕಬ್ಬಿಣದ ಮಾದರಿ ತೆಗೆಯುತ್ತಿದ್ದೆ. ನೀರು ಬಿಸಿಯಾಗುವುದೆಂದರೆ ಪದರ ಬಿಟ್ಟಿದೆ ಎಂದರ್ಥ. ಅದು ಆ ಶೆಡ್ಡಿನಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ. ಗಾಳಿ ನಿಲ್ಲಿಸಿ, ನೀರು ಕಟ್ಟಿ, ದೂರ ಬನ್ನಿ ಎನ್ನಬೇಕಾಗಿತ್ತು. ಹಾಗೆ ಕೂಗಿದೆನೆಂದು ಶೆಡ್ಡಿನವರು ಆಮೇಲೆ ಹೇಳಿದರು. ಕೂಗಿದ್ದು ಮೊದಲೋ, ಸಿಡಿದ ಸದ್ದು ಮೊದಲೋ ಎಂದು ನಾನು ಅವರನ್ನು ಕೇಳಲಿಲ್ಲ. ಮೇಸ್ತ್ರಿಗಳು, "ನೋಡ್ತೀನಿ ಬುಡಿ," ಎಂದು ಕಿಂಡಿಗೆ ಬಗ್ಗಿದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ನೀಲಿ ಗಾಜು ಒಡೆದು, ಬಿಳಿ ಆವಿ ಅವರ ಮುಖದ ಮೇಲೆ ಬಂತು.

ಮೈಸೂರಿನ ಆಸ್ಪತ್ರೆಯಲ್ಲಿ ಮೂರು ದಿನ ಇದ್ದರು. ಕಣ್ಣು, ಮುಖ, ಎದೆಗೆಲ್ಲ ಬಟ್ಟೆ ಸುತ್ತಿದ್ದರು. ಹೆಂಡತಿ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದರು. ಎರಡನೆಯ ದಿನ ನನ್ನ ದನಿ ಗುರುತಿಸಿ ಮೇಸ್ತ್ರಿಗಳು ಕೇಳಿದರು.

"ಮಿಕ್ಕ ಮೂರು ಮೂತಿ ಎಂಗವೆ ಸ್ವಾಮಿ?"

"ಚೆನ್ನಾಗಿವೆ. ಒಂದು ಗೀರೂ ಇಲ್ಲ."

"ಅಂಗಾರೆ ನಿಮ್ ಕೆಲ್ಸ ಸರಿಯಾಗೇ ಅದೆ. ಬುಡಬ್ಯಾಡಿ ಅದ." ನನ್ನ ದನಿಯ ಕಡೆ ತಲೆ ಹೊರಳಿಸಿ ಹೇಳಿದರು, "ಒಂದು ನನ್ ಮಾತು ಕೇಳ್ನಿಲ್ಲ, ಅಷ್ಟೇಯ."

ಹೇಳಬೇಕೆಂದರೆ ಅದೇ ಹೊತ್ತು. ತಟ್ಟಿದಾಗ ಅದು ಟಣ್ ಎನ್ನಲಿಲ್ಲ, ನನಗೆ ಗೊತ್ತಿತ್ತು, ಆದರೂ ಸರಿಯಿದೆ ಎಂದೆ ಎಂದು ಹೇಳಬಹುದಾಗಿತ್ತು. ನೋವಿನಲ್ಲಿರುವವರಿಗೆ ಇದೆಲ್ಲ ಯಾಕೆ ಎಂದುಕೊಂಡೆ. ಮಾರನೆಯ ದಿನ ಹೋದರು. ಕಟ್ಟೆಮಳಲವಾಡಿಯಲ್ಲಿ ಅವರದೇ ಹೊಲದ ಮೂಲೆಯಲ್ಲಿ, ಅವರ ಪದ್ಧತಿಯಂತೆ ಕೂರಿಸಿ, ವಿಭೂತಿಯಿಟ್ಟು ಮಣ್ಣು ಮಾಡಿದರು.

ಕುಲುಮೆ ಆರಿದ ಮೇಲೆ ಆ ಮೂತಿಯನ್ನು ಹೊರತೆಗೆದೆ. ಅಂಗೈಯಗಲ ಪದರ ಪೂರ್ತಿ ಹೋಗಿತ್ತು. ತೂತಿದ್ದದ್ದು ಆ ಅಂಚಿನಲ್ಲೇ. ಪಕ್ಕದಲ್ಲಿ ಉಳಿದಿದ್ದ ಒಂದು ಚೂರನ್ನು ಉಗುರಿನಿಂದ ಎಬ್ಬಿಸಿದೆ, ಹಾಗೇ ಎದ್ದು ಬಂತು. ಕೆಳಗಿನ ತಾಮ್ರದಲ್ಲಿ ತರಿಯ ಒರಟು ತಗ್ಗಿತ್ತು. ಗುಳಿಗಳಲ್ಲಿ ಇಟ್ಟಿಗೆಯ ಕೆಂಪು ಪುಡಿ, ಕೂದಲಿನಷ್ಟು ಸಣ್ಣ, ಸುಟ್ಟು ಕರಿಯಾದ ಒಂದು ನಾರು. ಅದು ಅಲ್ಲಿಗೆ ಹೇಗೆ ಬಂತೆಂದು ತಿಳಿಯಲಿಲ್ಲ.

ತಿಳಿದದ್ದು ಹನ್ನೊಂದನೆಯ ದಿನದ ಕಾರ್ಯಕ್ಕೆ ಅವರ ಮನೆಗೆ ಹೋದಾಗ. ಊಟ ಮುಗಿದು ಜನ ಕರಗುತ್ತಿದ್ದರು. ಆಕೆ ನೀರು ತಂದುಕೊಟ್ಟರು. ತಾಮ್ರದ ಚೊಂಬು, ಮುಖ ಕಾಣುವಷ್ಟು ಹೊಳೆಯುತ್ತಿತ್ತು.

"ಒಂದು ಕೇಳ್ತೀನಿ, ನಿಜ ಏಳ್ಬೇಕು," ಎಂದರು. "ಅವತ್ತು ನೀವು ಹುಣಸೂರಿಗೆ ಓಗಿದ್ರಲ್ಲ, ಆವಾಗ ನಾನು ಒಳೀಕ್ ಬಂದಿದ್ದೆ. ಬಟ್ಟೆ ಎತ್ತಿ ನೋಡ್ದೆ. ನಾಕೂ ಕಳೆ ಇಲ್ದಂಗೆ ಬಿದ್ದಿದ್ವು. ಬೆಳಗಾದ್ರೆ ಪೂಜೆ. ಬಾಗ್ಲಿಗೆ ಕೂರೋದು ಒಂದಾದ್ರೂ ಬೆಳಗಿರ್ಲಿ ಅಂತ ಕೊನೇದನ್ನ ಉಣಸೆಹಣ್ಣು, ಇಟ್ಟಿಗೆ ಪುಡಿ ಆಕಿ ಉಜ್ಜಿ, ತೊಳ್ದು ಮಡಗಿದೆ."

ನಾನು ಚೊಂಬು ನೋಡುತ್ತಿದ್ದೆ.

"ಅದ್ಕೇ ಇಂಗಾಯ್ತಾ ಸ್ವಾಮಿ?"

ಈ ಸೀಮೆಯ ಯಾವ ಮನೆಯಲ್ಲೂ ಹುಣಸೆಹಣ್ಣಿಲ್ಲದೆ ತಾಮ್ರ ಬೆಳಗುವುದಿಲ್ಲ. ದೇವರ ಮುಂದೆ ಕಿಲುಬು ಹಿಡಿದ ತಾಮ್ರ ಇಡುವುದಿಲ್ಲ. ಆಕೆ ಮಾಡಿದ್ದು ಹುಟ್ಟಿದಾಗಿನಿಂದ ಮಾಡುತ್ತ ಬಂದದ್ದನ್ನೇ. ಉಜ್ಜಬಾರದು ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

"ಇಲ್ಲಮ್ಮ," ಎಂದೆ. "ತಾಮ್ರ ಎರಕ ಹೊಯ್ಯುವಾಗಲೇ ಒಳಗೆ ಗುಳ್ಳೆ ಇತ್ತು. ಹೊರಗಿನಿಂದ ಯಾರಿಗೂ ಕಾಣುತ್ತಿರಲಿಲ್ಲ."

"ನಿಜವಾಗ್ಲೂ?"

"ನಿಜವಾಗಿ."

ಆಕೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಚೊಂಬು ತೆಗೆದುಕೊಂಡು ಒಳಗೆ ಹೋದರು.

ಅವರ ಮನಸ್ಸನ್ನು ಉಳಿಸಲು ಸುಳ್ಳು ಹೇಳಿದೆ ಎಂದು ಬಹಳ ದಿನ ನಂಬಿದ್ದೆ. ಸಾಹುಕಾರರಿಗೆ ಕೊಟ್ಟ ವರದಿಯಲ್ಲೂ ಗುಳ್ಳೆ ಎಂದೇ ಬರೆದೆ. ಎರಡು ತಿಂಗಳಲ್ಲಿ ಆ ಕೆಲಸ ಬಿಟ್ಟೆ. ಆಮೇಲೆ ಎಲ್ಲೆಲ್ಲೋ ಕೆಲಸ ಮಾಡಿದೆ. ನಾನು ಹೇಳಿದ ಸುಳ್ಳಿನಿಂದ ಉಳಿದದ್ದು ನಾನು ಮಾತ್ರ ಎಂಬುದು ನಿಧಾನವಾಗಿ ಅರಿವಾಯಿತು. ಉಜ್ಜಿದ ಮೇಲೂ ಆ ಮೂತಿಯನ್ನು ತಡೆಯುವ ಒಂದು ಜಾಗವಿತ್ತು, ಅಲ್ಲಿ ಬಿಲ್ಲೆ ಹಿಡಿದು ನಿಂತಿದ್ದವನು ನಾನು. ಅದನ್ನು ಹೇಳಿದ್ದರೆ ಆಕೆಯ ಭಾರ ಇಳಿಯುತ್ತಿತ್ತು.

ಆ ದಶಕದ ಕೊನೆಯಲ್ಲಿ ಒಮ್ಮೆ ಹುಣಸೂರಿನ ಕಡೆ ಕೆಲಸ ಬಿತ್ತು. ಕಟ್ಟೆಮಳಲವಾಡಿಗೆ ಹೋದೆ. ಆಕೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಗುರುತು ಹಿಡಿದು, "ಬಾಪ್ಪ, ಸೊರಗೋಗಿದ್ದೀಯ," ಎಂದರು. ಮೊದಲು ನನ್ನನ್ನು ಸ್ವಾಮಿ ಎಂದು ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಕೇಳದೆಯೇ ಒಳಗೆ ಹೋಗಿ ನೀರು ತಂದರು.

ಅದೇ ಚೊಂಬು, ಕಂಠದ ಬಳಿಯ ನೆಗ್ಗಿನಿಂದ ಗುರುತು ಸಿಕ್ಕಿತು. ಪೂರ್ತಿ ಕಪ್ಪಾಗಿತ್ತು, ಅಂಚಿನಲ್ಲಿ ಹಸಿರು ಕಿಲುಬು. ಬಾಗಿಲಿನಿಂದ ಒಳಗೆ ನೋಡಿದೆ. ದೇವರ ಗೂಡಿನ ಮುಂದಿದ್ದ ತಾಮ್ರದ ಬಟ್ಟಲು, ಮೂಲೆಯ ಹಂಡೆ, ಎಲ್ಲವೂ ಹಾಗೇ ಕಪ್ಪು. ಮನೆ ಮಾತ್ರ ಗುಡಿಸಿ ಸಾರಿಸಿ ಚೊಕ್ಕಟವಾಗಿತ್ತು. ನಾನು ಹೇಳಿದ ಗುಳ್ಳೆಯ ಮಾತನ್ನು ಆಕೆ ಒಂದು ದಿನವೂ ನಂಬಿರಲಿಲ್ಲ.

"ಅಮ್ಮ," ಎಂದೆ, "ಅವತ್ತು ಸಂಜೆ ನಾನು ಆ ಮೂತಿಯನ್ನು ತಟ್ಟಿ ನೋಡಿದ್ದೆ. ಅದರ ಸದ್ದು..."

"ಅದೆಲ್ಲಾ ಆಗೋಯ್ತು ಬುಡಪ್ಪ," ಎಂದರು ಆಕೆ, ಅವರೆಕಾಯಿಯಿಂದ ಕಣ್ಣೆತ್ತದೆ. "ಬಿಸ್ಲಲ್ಲಿ ಬಂದಿದ್ದೀಯ. ನೀರು ಕುಡಿ."

ಕುಡಿದೆ. ನೀರಿಗೆ ಕಿಲುಬಿನ ಒಗರಿತ್ತು. ಚೊಂಬನ್ನು ಪೂರ್ತಿ ಖಾಲಿ ಮಾಡಿ, ಜಗಲಿಯ ಮೇಲೆ ಆಕೆಯ ಕೈಗೆ ಸಿಗುವಂತೆ ಇಟ್ಟೆ.